ಮಗಳಿಗೊಂದು ಪತ್ರ: ಡಕೋಟಾದಲ್ಲಿ ನೀನು ಕೇಳಿದ್ದು

ಪ್ರೀತಿಯ ಪುಟ್ಟಿ,

ಮೊನ್ನೆ ವಿಮಾನಗಳ ಮ್ಯೂಸಿಯಂನಲ್ಲಿ ಆ ಹಳೇ ಡಕೋಟಾ ಹತ್ತಿದಾಗ ನೀನು ಕೇಳಿದೆ, "ಅಪ್ಪಾ, ಒಳಗೆ ಯಾಕೆ ಗುಡ್ಡ ಹತ್ತಿದ ಹಾಗಿದೆ?" ಹಿಂದೆ ಜನ ನಿಂತಿದ್ದರು. "ಹಳೇ ವಿಮಾನ ಅಲ್ವಾ, ಹಾಗೇ" ಅಂದುಬಿಟ್ಟೆ. ಅದು ಉತ್ತರವೇ ಅಲ್ಲ. ಅದಕ್ಕೇ ಈ ಪತ್ರ.

ಡಕೋಟಾದ ಮೂರನೇ ಚಕ್ರ ಇರುವುದು ಬಾಲದ ಕೆಳಗೆ, ಅದೂ ಪುಟ್ಟದು. ಹಾಗಾಗಿ ನಿಂತಾಗ ಬಾಲ ಕೂತಿರುತ್ತದೆ, ಮೂಗು ಮೇಲಕ್ಕೆ ನೋಡುತ್ತಿರುತ್ತದೆ. ಓಡುತ್ತಾ ವೇಗ ಬಂದಾಗ ಮೊದಲು ಬಾಲ ಏಳುತ್ತದೆ, ಒಳಗಿನ ನೆಲ ಸಮವಾಗುತ್ತದೆ, ಆಮೇಲೆ ಹಾರಾಟ. ಆಗೆಲ್ಲ ಹುಲ್ಲು, ಮಣ್ಣಿನ ಮೇಲೆ ಇಳಿಯುವುದು ಮಾಮೂಲು. ಮೂಗು ಎತ್ತರದಲ್ಲಿದ್ದರೆ ಪ್ರೊಪೆಲ್ಲರ್ ನೆಲಕ್ಕೆ ತಾಗುವುದಿಲ್ಲ.

ನೀನು ರೆಕ್ಕೆಯ ಕೆಳಗೆ ಈ ತುದಿಯಿಂದ ಆ ತುದಿಗೆ ಹೆಜ್ಜೆ ಹಾಕಿ ಅಳೆದೆಯಲ್ಲ, ಅದು ಸುಮಾರು 29 ಮೀಟರ್. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಮೊದಲ ಸಲ ಹಾರಿದ ದೂರ ಸುಮಾರು 36 ಮೀಟರ್, ಬರೀ 12 ಸೆಕೆಂಡು. ನೀನು ನಡೆದದ್ದಕ್ಕಿಂತ ಸ್ವಲ್ಪವೇ ಜಾಸ್ತಿ! ಈ ಡಕೋಟಾ ಜಾತಿಯ ಮೊದಲ ವಿಮಾನ ಹಾರಿದ್ದೂ ಅದೇ ತಾರೀಖಿಗೆ, 1935ರಲ್ಲಿ. ನಡುವೆ ಬರೀ 32 ವರ್ಷ. ನನಗಂತೂ ಇದು ಈಗಲೂ ನಂಬೋಕೆ ಕಷ್ಟ.

ಇನ್ನೊಂದು ಪ್ರಶ್ನೆ ಕಿಟಕಿಯದು. ಇದರ ಕಿಟಕಿಗೆ ಮೂಲೆಗಳಿವೆ, ನಾವು ಹೋಗುವ ವಿಮಾನದ್ದು ಮೊಟ್ಟೆಯ ಹಾಗೆ ಯಾಕೆ ಅಂದೆ. ಡಕೋಟಾ ತುಂಬಾ ಎತ್ತರಕ್ಕೆ ಹೋಗುತ್ತಿರಲಿಲ್ಲ. ಜೆಟ್‌ಗಳು ಹೋಗುವ ಎತ್ತರದಲ್ಲಿ ಗಾಳಿ ತೀರಾ ತೆಳು, ಒಳಗೆ ಒತ್ತಿ ತುಂಬಬೇಕು. ಪ್ರತಿ ಹಾರಾಟದಲ್ಲೂ ವಿಮಾನದ ಮೈ ಚೂರು ಉಬ್ಬುತ್ತದೆ, ಇಳಿಯುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುತ್ತೀಯಲ್ಲ, ಹಾಗೇ ಲೋಹವೂ ದಣಿಯುತ್ತದೆ. 1954ರಲ್ಲಿ ಕಾಮೆಟ್ ಎಂಬ ಜೆಟ್ ವಿಮಾನಗಳು ಎರಡು ಆಕಾಶದಲ್ಲೇ ಒಡೆದುಹೋದವು. ಒಳಗಿದ್ದವರು ಯಾರೂ ಉಳಿಯಲಿಲ್ಲ. ಕಾರಣ ಹುಡುಕಲು ಅಂಥದ್ದೇ ಇನ್ನೊಂದು ವಿಮಾನವನ್ನು ದೊಡ್ಡ ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ನೀರು ತುಂಬಿ ಒತ್ತಡ ಏರಿಸಿ ಇಳಿಸಿದರು, ಸಾವಿರಕ್ಕೂ ಹೆಚ್ಚು ಸಲ. ಗಾಳಿಯಾದರೆ ಬಾಂಬಿನ ಹಾಗೆ ಸಿಡಿಯುತ್ತದೆ, ನೀರಾದರೆ ಇಲ್ಲ. ಕೊನೆಗೆ ಬಿರುಕು ಬಿಟ್ಟದ್ದು ಕಿಂಡಿಯೊಂದರ ಮೂಲೆಯಲ್ಲಿ. ಎಳೆತವೆಲ್ಲ ಅಲ್ಲೇ ಬಂದು ಸೇರುತ್ತದೆ. ಅದಕ್ಕೇ ಈಗಿನ ಕಿಟಕಿಗಳು ದುಂಡಗೆ.

ನೀನು ರಿವೆಟ್‌ಗಳ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಾಗ "ಬಾ ಬಾ" ಅಂತ ಕೈ ಎಳೆದೆ, ಬೇಜಾರಾಯ್ತಲ್ವಾ? ರಜೆಯಲ್ಲಿ ಮತ್ತೆ ಹೋಗೋಣ, ಬೆಳಗ್ಗೆ ಬೇಗನೇ. ಇಂಜಿನ್ ಕೆಳಗಿನ ಎಣ್ಣೆ ತಟ್ಟೆ ತೋರಿಸಿ ನೀನು ಏನೋ ಕೇಳಲು ಹೊರಟಿದ್ದೆ. ಅದನ್ನು ಮರೀಬೇಡ.

ನಿನ್ನ
ಅಪ್ಪ