ಮಗಳಿಗೊಂದು ಪತ್ರ: ಪಟ್ಟಿಯಲ್ಲಿ ಎತ್ತರವನ್ನೂ ಬರೆದುಕೋ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಆರ್‌ವಿ (ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಮನೆಗಾಡಿ) ಬಾಡಿಗೆಗೆ ತೆಗೆದುಕೊಂಡು ಲಾಸ್ ವೇಗಸ್‌ನಿಂದ ಝಯಾನ್, ಬ್ರೈಸ್, ಪೇಜ್, ಮಾನ್ಯುಮೆಂಟ್ ವ್ಯಾಲಿ, ಗ್ರ್ಯಾಂಡ್ ಕ್ಯಾನಿಯನ್ ಸುತ್ತಿ ಬರುವುದು ಒಳ್ಳೆಯ ಯೋಜನೆ. ಊರು, ದೂರ, ದಿನ ಎಲ್ಲ ಬರೆದಿದ್ದೀಯ, ಎತ್ತರ ಬರೆದಿಲ್ಲ. ವೇಗಸ್ ಸುಮಾರು 2000 ಅಡಿ, ಪೇಜ್ 4300, ಗ್ರ್ಯಾಂಡ್ ಕ್ಯಾನಿಯನ್‌ನ ಸೌತ್ ರಿಮ್ (ದಕ್ಷಿಣದ ಅಂಚು) 7000, ಬ್ರೈಸ್‌ನ ಅಂಚು 8000. ಒಂದೇ ವಾರದಲ್ಲಿ ಎಸಿ ಬೇಕೆನಿಸುವ ಮಧ್ಯಾಹ್ನವೂ ನೀರು ಹೆಪ್ಪುಗಟ್ಟುವ ರಾತ್ರಿಯೂ ಸಿಗುತ್ತವೆ. ಗಾಡಿಯ ಜನರೇಟರ್, ಬ್ಯಾಟರಿ, ಪೈಪು, ಕೊನೆಗೆ ನಿನ್ನ ಕುಕ್ಕರ್ ಕೂಡ ಎತ್ತರದ ಮಾತು ಕೇಳುತ್ತವೆ.

ಮೊದಲು ದಾರಿ. ಝಯಾನ್‌ನಿಂದ ಬ್ರೈಸ್‌ಗೆ ಮ್ಯಾಪ್ ತೋರಿಸುವ ಹತ್ತಿರದ ದಾರಿ ಝಯಾನ್-ಮೌಂಟ್ ಕಾರ್ಮೆಲ್ ಸುರಂಗದೊಳಗೆ ಹೋಗುತ್ತದೆ. ಅದು 1930ರಲ್ಲಿ ಮುಗಿದದ್ದು, ಉದ್ದ 1.1 ಮೈಲಿ. 11 ಅಡಿ 4 ಇಂಚು ಎತ್ತರ ಅಥವಾ 7 ಅಡಿ 10 ಇಂಚು ಅಗಲ ದಾಟಿದ ಗಾಡಿ ಅಲ್ಲಿ ತನ್ನ ಲೇನಿನಲ್ಲಿ ಉಳಿಯಲಾರದು, ಕಮಾನಿಗೆ ತಗುಲುತ್ತದೆ. ಬಾಡಿಗೆಗೆ ಸಿಗುವ ಕ್ಲಾಸ್ ಸಿ ಗಾಡಿಗಳು (ವ್ಯಾನಿನ ಮೂತಿಯ ಮಧ್ಯಮ ಗಾತ್ರದ ಆರ್‌ವಿಗಳು) ಅಗಲದಲ್ಲೇ 8 ಅಡಿ ದಾಟಿರುತ್ತವೆ. ಆ ಸುರಂಗದ ದಾರಿಯನ್ನು ನಂಬಿಕೊಳ್ಳಬೇಡಿ. ಹರಿಕೇನ್ ಊರಿನಿಂದ ಯೂಟಾ 59, ಅರಿಜೋನ 389 ಹೆದ್ದಾರಿಗಳನ್ನು ಹಿಡಿದು ಫ್ರೆಡೋನಿಯ, ಕನಾಬ್ ಮೂಲಕ ಹೆದ್ದಾರಿ 89ರಲ್ಲಿ ಉತ್ತರಕ್ಕೆ ಹೋಗಿ. ಸುತ್ತು ಹೌದು, ಆದರೆ ಗಾಡಿಗೆ ಹೇಳಿಮಾಡಿಸಿದ ದಾರಿ.

ಮಾನ್ಯುಮೆಂಟ್ ವ್ಯಾಲಿಯ ಉತ್ತರಕ್ಕೆ ಯೂಟಾ 261ರಲ್ಲಿ ಮೋಕಿ ಡಗ್‌ವೇ ಅಂತ ಒಂದು ಇಳಿಜಾರಿದೆ. ಜಲ್ಲಿ ರಸ್ತೆ, ಹೇರ್‌ಪಿನ್ ತಿರುವು, ಶೇ 10ಕ್ಕೂ ಮೇಲಿನ ಇಳುಕಲು. 28 ಅಡಿ ಅಥವಾ 10,000 ಪೌಂಡ್ ಮೀರಿದ ಗಾಡಿ ಬೇಡ ಎಂದು ರಾಜ್ಯದವರೇ ಹೇಳುತ್ತಾರೆ. ಕ್ಲಾಸ್ ಸಿ ಉದ್ದದಲ್ಲಿ ಪಾಸಾದರೂ ತೂಕದಲ್ಲಿ ಆಗುವುದಿಲ್ಲ. ಮಾನ್ಯುಮೆಂಟ್ ವ್ಯಾಲಿಯೊಳಗಿನ 17 ಮೈಲಿಯ ಮಣ್ಣುರಸ್ತೆಗೂ ಆರ್‌ವಿ ಬಿಡುವುದಿಲ್ಲ, ನವಾಹೊ ಗೈಡ್‌ಗಳ ಜೀಪಿನಲ್ಲಿ ಹೋಗಿ. ನವಾಹೊ ನೇಶನ್‌ನಲ್ಲಿ (ನವಾಹೊ ಮೂಲನಿವಾಸಿಗಳ ಸ್ವಂತ ಆಡಳಿತದ ನಾಡು) ಮದ್ಯ ಇಟ್ಟುಕೊಳ್ಳುವುದೇ ಅಪರಾಧ, ಗಾಡಿಯ ಫ್ರಿಜ್ಜಿನಲ್ಲಿ ಒಂದು ಬಾಟಲಿಯೂ ಬೇಡ.

ಟೈರ್ ಗಾಳಿಯನ್ನು ಬೆಳಿಗ್ಗೆ, ಬಿಸಿಲು ಬೀಳುವ ಮೊದಲು, ಗಾಡಿ ಕದಲುವ ಮೊದಲು ನೋಡಬೇಕು. ಎಷ್ಟಿರಬೇಕೆಂದು ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿದೆ. ಮಧ್ಯಾಹ್ನ ಓಡಿ ಬಿಸಿಯಾದ ಟೈರ್ ಹೆಚ್ಚು ತೋರಿಸುವುದು ಸಹಜ, ಆಗ ಗಾಳಿ ಬಿಟ್ಟರೆ ಮರುದಿನ ಕಡಿಮೆಯಾಗಿ, ಪಕ್ಕದ ಗೋಡೆ ಹೆಚ್ಚು ಮಡಚಿ, ಕಾದು ಸಿಡಿಯುತ್ತದೆ. ಹಿಂದೆ ಜೋಡಿ ಟೈರ್ ಇರುತ್ತವೆ, ಒಳಗಿನದನ್ನು ಯಾರೂ ನೋಡುವುದಿಲ್ಲ. ಉದ್ದ ಮೂತಿಯ ಗೇಜ್ ಒಯ್ಯಿರಿ. ಗಾಡಿ ಪಡೆಯುವಾಗ ಟೈರ್ ಮೇಲಿನ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದು: 2319 ಎಂದಿದ್ದರೆ 2019ರ 23ನೇ ವಾರದ್ದು. ಅಷ್ಟು ಹಳೆಯದಾದರೆ ಬೇರೆ ಗಾಡಿ ಕೇಳು, ಮೇಲೆ ಪಟ್ಟೆ ಎಷ್ಟೇ ಚೆನ್ನಾಗಿದ್ದರೂ.

ಕ್ಯಾಮೆರನ್ ಊರಿನಿಂದ ಗ್ರ್ಯಾಂಡ್ ಕ್ಯಾನಿಯನ್‌ನ ಪೂರ್ವ ತುದಿಯ ಡೆಸರ್ಟ್ ವ್ಯೂಗೆ ಸುಮಾರು 3000 ಅಡಿ ಏರು. ಟೋ-ಹಾಲ್ (ಏರು-ಇಳುಕಲಿಗೆ ಗೇರ್ ಹೊಂದಿಸುವ ಗುಂಡಿ) ಒತ್ತಿ, ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ ನಿಧಾನಿಸಿ. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬಾರದು. ಗೇರ್ ಇಳಿಸಿ, ವೇಗ ಏರಿದಾಗ ಗಟ್ಟಿಯಾಗಿ ಒತ್ತಿ ಬಿಡಬೇಕು.

ಇನ್ನು ಕರೆಂಟು. ಹೆಚ್ಚಿನ ಪ್ರವಾಸಿಗರು ಸೋಲುವುದು ಇಲ್ಲೇ. ಕ್ಯಾಂಪ್‌ಗ್ರೌಂಡಿನ 30 ಆಂಪ್ ಸಾಕೆಟ್ 120 ವೋಲ್ಟಿನಲ್ಲಿ ಕೊಡುವುದು 3600 ವಾಟ್. ಎಸಿ ಸುಮಾರು 13 ಆಂಪ್, ವಾಟರ್ ಹೀಟರಿನ ಕರೆಂಟಿನ ಕಾಯಿಲ್ 12, ಮೈಕ್ರೊವೇವ್ 13. ಮೂರೂ ಸೇರಿ 38, ಬ್ರೇಕರ್ ಬಿತ್ತು. ಹೀಟರನ್ನು ಗ್ಯಾಸಿಗೆ ಬದಲಿಸಿದರೆ ಉಳಿದೆರಡು ಓಡುತ್ತವೆ, ಇಂಡಕ್ಷನ್ ಒಲೆ ಇಡಬೇಕೆಂದರೆ ಎಸಿ ನಿಲ್ಲಬೇಕು. ಸುಡುವ ಮಧ್ಯಾಹ್ನ ಎಲ್ಲರೂ ಎಸಿ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ. 105ಕ್ಕಿಂತ ಕೆಳಗೆ ಎಸಿಯ ಕಂಪ್ರೆಸರ್ ಕಾದು ಹಾಳಾಗುತ್ತದೆ. ಕಡಿಮೆ ವೋಲ್ಟೇಜ್ ಬಂದರೆ ತಾನೇ ಕಡಿತಗೊಳಿಸುವ ಸರ್ಜ್ ಪ್ರೊಟೆಕ್ಟರ್ ಕೇಳಿ ಪಡೆಯಿರಿ.

ಸೌತ್ ರಿಮ್‌ನ ಮ್ಯಾದರ್ ಕ್ಯಾಂಪ್‌ಗ್ರೌಂಡ್ ಅಗ್ಗ, ಮರಗಳ ನಡುವೆ ಚೆಂದ, ಆದರೆ 30 ಅಡಿಯೊಳಗಿನ ಗಾಡಿಗೆ ಮಾತ್ರ, ಕರೆಂಟ್ ಇಲ್ಲ. ರಾತ್ರಿ ಚಳಿಗೆ ಗ್ಯಾಸ್ ಹೀಟರ್ ಹಾಕುತ್ತೀರಿ. ಅದರ ಫ್ಯಾನ್ ಬ್ಯಾಟರಿಯಿಂದ 7-8 ಆಂಪ್ ಎಳೆಯುತ್ತದೆ. ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ಓಡಿದರೂ 35-40 ಆಂಪ್-ಅವರ್ (ಆಂಪನ್ನು ಗಂಟೆಯಿಂದ ಗುಣಿಸಿದ ಲೆಕ್ಕ). 100 ಆಂಪ್-ಅವರಿನ ಮಾಮೂಲಿ ಲೆಡ್ ಬ್ಯಾಟರಿಯಲ್ಲಿ ಬಳಸಬಹುದಾದ್ದು ಅರ್ಧ, ಅಂದರೆ 50. ದೀಪ, ನೀರಿನ ಪಂಪ್ ಸೇರಿದರೆ ಬೆಳಗಿನ ಜಾವಕ್ಕೆ ಹೀಟರ್ ನಿಲ್ಲುತ್ತದೆ, ಸಿಲಿಂಡರಿನಲ್ಲಿ ಗ್ಯಾಸ್ ಇದ್ದರೂ. ಜನರೇಟರ್ ಹಾಕಲು ಬೆಳಿಗ್ಗೆ ಸಂಜೆ ನಿಗದಿತ ಹೊತ್ತಷ್ಟೇ. ಪೆಟ್ರೋಲ್ ಟ್ಯಾಂಕ್ ಕಾಲು ಭಾಗಕ್ಕಿಳಿದರೆ ಜನರೇಟರ್ ಓಡುವುದಿಲ್ಲ, ಅದರ ಕೊಳವೆ ಅಷ್ಟೇ ಎತ್ತರದಲ್ಲಿ ನಿಂತಿರುತ್ತದೆ. ಮೇಲಾಗಿ ಪ್ರತಿ 1000 ಅಡಿ ಏರಿದಂತೆ ಅದರ ಶಕ್ತಿ ಶೇ 3ರಷ್ಟು ಇಳಿಯುತ್ತದೆ. ನಿಮ್ಮಿಬ್ಬರ ಮೊದಲ ಪ್ರವಾಸಕ್ಕೆ ಪಕ್ಕದ ಟ್ರೇಲರ್ ವಿಲೇಜ್ ವಾಸಿ, ಅಲ್ಲಿ ಕರೆಂಟು, ನೀರು, ಒಳಚರಂಡಿ ಮೂರೂ ಇವೆ.

ನೀರಿನ ಟ್ಯಾಂಕ್ 40 ಗ್ಯಾಲನ್ ತುಂಬಿದರೆ ಸುಮಾರು 330 ಪೌಂಡ್ ಭಾರ, ಆದರೂ ತುಂಬಿಕೊಂಡೇ ಹೊರಡಿ. ಕುಡಿಯಲು ತಲಾ ದಿನಕ್ಕೊಂದು ಗ್ಯಾಲನ್ ಬೇರೆ ಇರಲಿ. ನಲ್ಲಿಗೆ ಪ್ರೆಶರ್ ರೆಗ್ಯುಲೇಟರ್ ಹಾಕದೆ ಪೈಪು ಜೋಡಿಸಬೇಡಿ, ಗಾಡಿಯ ಒಳಪೈಪು ಕಿತ್ತುಹೋಗುತ್ತದೆ. ಬ್ರೈಸ್‌ನಲ್ಲಿ ಮಲಗುವ ಮೊದಲು ಹೊರಪೈಪು ಬಿಚ್ಚಿ ನೀರು ಸುರಿದು ಒಳಗಿಡಿ, ರಾತ್ರಿಗೆ ಟ್ಯಾಂಕ್ ಮತ್ತು ಪಂಪ್ ಸಾಕು.

ಶೌಚದ ಟ್ಯಾಂಕಿನ ವಾಲ್ವ್ ಯಾವಾಗಲೂ ಮುಚ್ಚಿರಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿಯದು ಉಳಿದು, ಆ ಒಣಹವೆಗೆ ಗೋಪುರದಂತೆ ಗಟ್ಟಿಯಾಗುತ್ತದೆ. ಮೂರರಲ್ಲಿ ಎರಡು ಭಾಗ ತುಂಬಿದ ಮೇಲೆ ಮೊದಲು ಅದನ್ನು ಖಾಲಿ ಮಾಡಿ, ಆಮೇಲೆ ಸ್ನಾನ-ಪಾತ್ರೆಯ ನೀರು ಬಿಡಿ, ಪೈಪು ತಾನೇ ತೊಳೆದುಹೋಗುತ್ತದೆ. ಕೈಗವಸು ಮರೆಯಬೇಡಿ.

ಅಡುಗೆಗೆ ಪುಟ್ಟ ಪ್ರೆಶರ್ ಕುಕ್ಕರ್ ಒಯ್ಯಿ. 7000 ಅಡಿಯಲ್ಲಿ ನೀರು 93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲ ಅನ್ನಬಹುದು. ಕುಕ್ಕರಿನಲ್ಲೂ ಎರಡು ವಿಸಿಲ್ ಹೆಚ್ಚು ಕೂಗಿಸು. ಒಗ್ಗರಣೆಗೆ ಮುಂಚೆ ಮೇಲಿನ ಫ್ಯಾನ್ ಹಾಕಿ ಕಿಟಕಿ ತೆರೆ, ಇಲ್ಲದಿದ್ದರೆ ಹೊಗೆಯ ಅಲಾರಾಂ ಕೂಗುತ್ತದೆ. ಎಣ್ಣೆ ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿ ತೊಳೆ.

ಗಡಿಯಾರದ ಗೊಂದಲ ಒಂದಿದೆ. ಅರಿಜೋನ ಬೇಸಿಗೆಯ ಸಮಯ (ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಪಾಲಿಸುವುದಿಲ್ಲ, ಯೂಟಾ ಮತ್ತು ನವಾಹೊ ನೇಶನ್ ಪಾಲಿಸುತ್ತವೆ. ಅಕ್ಟೋಬರ್‌ನಲ್ಲಿ ಮಾನ್ಯುಮೆಂಟ್ ವ್ಯಾಲಿ ಪೇಜ್‌ಗಿಂತ ಒಂದು ಗಂಟೆ ಮುಂದೆ. ಫೋನ್ ಹತ್ತಿರದ ಟವರ್ ನೋಡಿ ಆಚೀಚೆ ಆಗುತ್ತದೆ, ಆಂಟಲೋಪ್ ಕ್ಯಾನಿಯನ್ ಟಿಕೆಟ್ ಅರಿಜೋನ ಸಮಯದ್ದೇ ಎಂದು ಖಚಿತಪಡಿಸಿಕೋ.

ಗಾಳಿ ಎದ್ದರೆ ಹೊರಚಪ್ಪರ ಮಡಚಿ, ಮಲಗುವಾಗಲಂತೂ ಮಡಚಲೇಬೇಕು. ಬತ್ತಿದ ಹಳ್ಳದ ಪಾತ್ರದಲ್ಲಿ ಗಾಡಿ ನಿಲ್ಲಿಸಬೇಡಿ, ದೂರದ ಮಳೆಗೂ ಅಲ್ಲಿ ನೀರು ನುಗ್ಗುತ್ತದೆ.

ಬಾಡಿಗೆಯ ಒಪ್ಪಂದದಲ್ಲಿ ಚಾವಣಿ, ಟೈರ್, ಮಣ್ಣುರಸ್ತೆಯ ಹಾನಿ ವಿಮೆಗೆ ಸೇರಿದೆಯೇ ಎಂದು ಅಳಿಯಂದಿರು ಸಹಿ ಹಾಕುವ ಮೊದಲೇ ಓದಲಿ. ಗಾಡಿಯ ಎತ್ತರ, ಅಗಲ, ಉದ್ದ ಎಷ್ಟೆಂದು ಕೇಳಿ ನನಗೆ ಕಳಿಸು. ಅವು ಸಿಕ್ಕ ಮೇಲೆ ನಿನ್ನ ಪಟ್ಟಿಯಲ್ಲಿ ಕ್ಯಾಂಪ್‌ಗ್ರೌಂಡ್‌ಗಳನ್ನು ಒಟ್ಟಿಗೆ ಕೂತು ಗುರುತು ಹಾಕೋಣ.

ಇಬ್ಬರಿಗೂ ಆಶೀರ್ವಾದಗಳು.

ಇಂತಿ,
ನಿನ್ನ ಅಮ್ಮ