‘ಇವರೂ ಮನುಷ್ಯರೇ’ ಅಂದಿರಿ, ಆ ‘ಊ’ ಬಗ್ಗೆ ಒಂದು ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಕಳೆದ ತಿಂಗಳು ಗಾಲಿಕುರ್ಚಿ, ಶ್ರವಣಯಂತ್ರ ಹಂಚುವ ಕಾರ್ಯಕ್ರಮದಲ್ಲಿ ನೀವು ಮಾತನಾಡಿದಾಗ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಒಬ್ಬ ಹುಡುಗನ ಪಾದ ಗಾಲಿಕುರ್ಚಿಯಿಂದ ಜಾರಿತು. ನೀವೇ ಬಗ್ಗಿ ಅದನ್ನು ಎತ್ತಿ ಸರಿಯಾಗಿ ಇಟ್ಟಿರಿ. ಫೋಟೋಗೆ ಅಂತ ಮಾಡಿದ್ದಲ್ಲ ಅದು, ಆಗ ಕ್ಯಾಮೆರಾದವರು ಬೇರೆ ಕಡೆ ತಿರುಗಿದ್ದರು. ಈ ಪತ್ರ ಬರೆಯುವ ಧೈರ್ಯ ಬಂದದ್ದು ಅದನ್ನು ನೋಡಿದ ಮೇಲೆಯೇ.

ಆಮೇಲೆ ಮೈಕ್ ಹಿಡಿದು ನೀವು ಅಂದಿರಿ: “ಇವರೂ ಮನುಷ್ಯರೇ. ನಮ್ಮ ಹಾಗೇ ಇವರಿಗೂ ಒಂದು ಮನಸ್ಸಿದೆ.”

ಚಪ್ಪಾಳೆ ಜೋರಾಗಿ ಬಿತ್ತು. ನಾನೂ ತಟ್ಟಿದೆ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆ ‘ಊ’ ಮಾತ್ರ ಕಿವಿಯಲ್ಲಿ ಉಳಿಯಿತು. ‘ಇವರು’ ಅಲ್ಲ, ‘ಇವರೂ’. ಮನುಷ್ಯರು ಅಂದರೆ ಯಾರು ಅನ್ನುವುದು ಮೊದಲೇ ತೀರ್ಮಾನವಾಗಿದೆ, ಅದು ನಾವು. ಹೊರಗೆ ನಿಂತವರನ್ನು ಈಗ ದೊಡ್ಡ ಮನಸ್ಸು ಮಾಡಿ ಒಳಗೆ ಕರೆಯುತ್ತಿದ್ದೇವೆ. ಆ ಮಾತಿನ ಒಳಗೆ ಇಷ್ಟೂ ಇದೆ. ‘ನೀವೂ ಮನುಷ್ಯರೇ’ ಅಂತ ನಿಮಗೆ ಯಾರಾದರೂ ಯಾವತ್ತಾದರೂ ಹೇಳಿದ್ದಾರಾ? ಹೇಳಿರಲಿಕ್ಕಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಕ್ಕಿಲ್ಲ.

ಒಂದು ಸ್ವರ ಎಳೆದದ್ದಕ್ಕೆ ಇಷ್ಟು ದೊಡ್ಡ ಪತ್ರ ಬೇಕಾ ಅಂತ ನಿಮಗೆ ಅನ್ನಿಸಬಹುದು. ಆದರೆ ಇಂಥ ಸಣ್ಣ ಪದಗಳ ಮೇಲೆ ದೊಡ್ಡ ದೊಡ್ಡವರೇ ಜಗ್ಗಾಡಿದ್ದಾರೆ. ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಘೋಷಣೆಯ ಕರಡು ತಯಾರಾಗುತ್ತಿದ್ದಾಗ ಮೊದಲ ವಿಧಿಯಲ್ಲಿ ಇದ್ದದ್ದು ‘ಎಲ್ಲ ಗಂಡಸರು’ ಅಂತಲೂ ಅರ್ಥ ಬರುವ ಇಂಗ್ಲಿಷ್ ಪದ. ಅದರಲ್ಲಿ ಹೆಂಗಸರೂ ಸೇರಿದ್ದಾರಲ್ಲ ಅನ್ನುವ ವಾದ ಇತ್ತು. ನೋಡಿ, ಅಲ್ಲೂ ಅದೇ ‘ಊ’. ಭಾರತದ ಪ್ರತಿನಿಧಿ ಹಂಸಾ ಮೆಹ್ತಾ ಒಪ್ಪಲಿಲ್ಲ. ‘ಎಲ್ಲ ಮನುಷ್ಯರು’ ಅನ್ನುವ ಪದವೇ ಬೇಕು ಅಂತ ಪಟ್ಟು ಹಿಡಿದರು. 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಆ ಘೋಷಣೆ ಒಪ್ಪಿಗೆಯಾದಾಗ ಅವರು ಕೇಳಿದ ಪದವೇ ಅದರಲ್ಲಿತ್ತು. ಎಲ್ಲ ಮನುಷ್ಯರೂ ಹುಟ್ಟಿನಿಂದಲೇ ಸ್ವತಂತ್ರರು, ಘನತೆಯಲ್ಲಿ, ಹಕ್ಕಿನಲ್ಲಿ ಸಮಾನರು ಅನ್ನುವುದು ಅದರ ಮೊದಲ ವಿಧಿಯ ಮೊದಲ ಸಾಲು. ಪರವಾಗಿ 48 ದೇಶಗಳು ಮತ ಹಾಕಿದವು, 8 ದೇಶಗಳು ತಟಸ್ಥವಾಗಿ ಉಳಿದವು, ವಿರೋಧಿಸಿದವರು ಒಬ್ಬರೂ ಇಲ್ಲ. ಅಷ್ಟೆಲ್ಲ ದೊಡ್ಡ ದಾಖಲೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಆ ಒಂದು ಪದಕ್ಕಾಗಿ ಅವರು ಬಿಡದೆ ಕೂತದ್ದು.

ಇನ್ನು ಸ್ವರ ಎಳೆಯುವುದು ಏನು ಅಂತ ನನಗೆ ಚೆನ್ನಾಗಿ ಗೊತ್ತು ಸರ್. ನಾನು ಉಗ್ಗುತ್ತೇನೆ.

ಕೆಲವು ಸಲ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಕೆಲವು ಸಲ ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ಕೆಲವು ಸಲ ಬಾಯಿ ಸಿದ್ಧವಾಗಿರುತ್ತದೆ, ಉಸಿರೂ ಇರುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ದೊಡ್ಡವರಲ್ಲಿ ಸುಮಾರು 100ಕ್ಕೆ ಒಬ್ಬರು ಹೀಗೆ. ಚಿಕ್ಕಂದಿನಲ್ಲಿ ಉಗ್ಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಸರಿಹೋಗುತ್ತದೆ, ನನ್ನಂಥ ಕೆಲವರಿಗೆ ಉಳಿದುಬಿಡುತ್ತದೆ. ಹೆದರಿಕೆಯಿಂದ ಬರುವುದಲ್ಲ, ಬುದ್ಧಿ ಕಮ್ಮಿ ಇದ್ದು ಬರುವುದಲ್ಲ. ಮಿದುಳು ಮಾತನ್ನು ಜೋಡಿಸುವ ರೀತಿಯೇ ಸ್ವಲ್ಪ ಬೇರೆ. ಎಷ್ಟೋ ಸಲ ಮನೆತನದಲ್ಲೂ ಇರುತ್ತದೆ.

ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದರು. ನನ್ನ ನಂಬರ್ 23. ಹದಿನೈದು ಬರುವ ಹೊತ್ತಿಗೇ ಅಂಗೈ ಒದ್ದೆಯಾಗುತ್ತಿತ್ತು. ‘ಪ್ರೆಸೆಂಟ್ ಸರ್’ ಅನ್ನಬೇಕು, ‘ಪ’ ಅಕ್ಷರಕ್ಕೆ ನನ್ನ ಎರಡೂ ತುಟಿ ಅಂಟಿಕೊಳ್ಳುತ್ತಿದ್ದವು. ಒಂದು ದಿನ ಬಿಡಿಸಿಕೊಳ್ಳಲೇ ಇಲ್ಲ. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ ಗೈರುಹಾಜರಿ ಹಾಕಿ 24ಕ್ಕೆ ಹೋದರು. ನಾನು ಮುಂದಿನ ಬೆಂಚಿನಲ್ಲೇ ಕೂತಿದ್ದೆ, ಕೈ ಚಾಚಿದರೆ ಅವರ ಮೇಜು ಸಿಗುವಷ್ಟು ಹತ್ತಿರ. ಮಾರನೆಯ ದಿನದಿಂದ ‘ಎಸ್ ಸರ್’ ಅನ್ನಲು ಶುರು ಮಾಡಿದೆ. ಅವತ್ತಿನಿಂದ ಇವತ್ತಿನವರೆಗೂ ನಾನು ಹೇಳಬೇಕಾದ ಪದ ಬಿಟ್ಟು ಹೇಳಲಿಕ್ಕಾಗುವ ಪದ ಹುಡುಕುತ್ತಲೇ ಇದ್ದೇನೆ. ಎದುರಿನವರಿಗೆ ಅದು ಗೊತ್ತಾಗುವುದಿಲ್ಲ.

ಅದೇ ಶಾಲೆಯಲ್ಲಿ ಬೆಳಿಗ್ಗೆ ಎಲ್ಲರೂ ಸೇರಿ ಪದ್ಯ ಹೇಳುವಾಗ ನನ್ನ ಒಂದಕ್ಷರವೂ ತಡೆಯುತ್ತಿರಲಿಲ್ಲ. ಉಗ್ಗುವವರಲ್ಲಿ ಬಹುತೇಕ ಎಲ್ಲರ ಅನುಭವವೂ ಇದೇ. ಹಾಡುವಾಗ, ಇನ್ನೊಬ್ಬರ ದನಿಯ ಜೊತೆ ದನಿ ಸೇರಿಸಿ ಓದುವಾಗ ಮಾತು ಸಲೀಸಾಗಿ ಬರುತ್ತದೆ. ಚಿಕ್ಕವನಿದ್ದಾಗ ಪದ್ಯ ಮುಗಿಯಬಾರದು ಅಂತ ಆಸೆಪಡುತ್ತಿದ್ದೆ.

ಈಗ ನಿಮ್ಮ ಅಹವಾಲು ಸಭೆಯ ವಿಷಯ. ಹೋದ ಸಲ ಬಂದಿದ್ದೆ. ಒಬ್ಬೊಬ್ಬರಿಗೆ ಎರಡು ನಿಮಿಷ ಅಂತ ನಿಯಮ. ನನ್ನ ಸರದಿ ಬಂತು, ಮೈಕ್ ಕೈಗೆ ಬಂತು, ಮೊದಲ ಪದದಲ್ಲೇ ತಡೆಯಿತು. ಹಿಂದಿನಿಂದ ಯಾರೋ ನಕ್ಕರು. ಒಬ್ಬರು ಪಾಪ ಅಂದುಕೊಂಡು ನನ್ನ ವಾಕ್ಯ ಮುಗಿಸಲು ನೋಡಿದರು. “ಪಿಂಚಣಿನಾ? ಪಡಿತರ ಚೀಟಿನಾ?” ಅಂತ ಕೇಳಿದರು. ಎರಡೂ ಅಲ್ಲ. ಅಷ್ಟರಲ್ಲಿ ನಿಮ್ಮ ಸಿಬ್ಬಂದಿಯೊಬ್ಬರು ಮೆಲ್ಲಗೆ ನನ್ನ ಬೆರಳು ಬಿಡಿಸಿ ಮೈಕ್ ತೆಗೆದುಕೊಂಡರು. “ಬರೆದು ಕೊಡಿ, ನೋಡೋಣ” ಅಂದರು. ಸಿಟ್ಟಿನಿಂದ ಅಲ್ಲ, ಮರ್ಯಾದೆಯಿಂದಲೇ ಅಂದರು. ನೀವು ಆಗ ಫೋನಿನಲ್ಲಿದ್ದಿರಿ, ನಿಮಗೆ ಗೊತ್ತಾಗಿರಲಿಕ್ಕಿಲ್ಲ. ಎರಡು ನಿಮಿಷದಲ್ಲಿ ನನಗೆ ಸಿಕ್ಕದ್ದು ಇಪ್ಪತ್ತು ಸೆಕೆಂಡ್ ಇರಬಹುದು.

ನಾನು ಹೇಳಲು ಬಂದದ್ದು ಇದು. ಮುಖ್ಯರಸ್ತೆ ದಾಟುವ ಸಿಗ್ನಲ್‌ನಲ್ಲಿ ಹಸಿರು ದೀಪ 10 ಸೆಕೆಂಡ್ ಇರುತ್ತದೆ. ರಸ್ತೆಯ ಅಗಲ 12 ಮೀಟರ್. ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅನ್ನುವುದು ಎಷ್ಟೋ ಕಡೆ ಇಂಜಿನಿಯರುಗಳು ಹಿಡಿಯುವ ಲೆಕ್ಕ. ಆ ಲೆಕ್ಕಕ್ಕೆ ಹತ್ತು ಸೆಕೆಂಡ್ ಸರಿಹೋಗುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜಿ ವಾಕರ್ ಹಿಡಿದು ನಡೆಯುತ್ತಾರೆ. ವಾಕರ್ ಎತ್ತಿ ಮುಂದಿಡುತ್ತಾರೆ, ಬಲಗಾಲು ಹಾಕುತ್ತಾರೆ, ಎಡಗಾಲನ್ನು ಎಳೆದು ಅದರ ಪಕ್ಕಕ್ಕೆ ತರುತ್ತಾರೆ. ಮತ್ತೆ ವಾಕರ್. ನಾನೇ ಮೊಬೈಲ್ ಹಿಡಿದು ಎಣಿಸಿದ್ದೇನೆ, ಅವರಿಗೆ 15 ಸೆಕೆಂಡ್ ಬೇಕು. ರಸ್ತೆಯ ಮೂರರಲ್ಲಿ ಎರಡು ಭಾಗ ದಾಟುವಷ್ಟರಲ್ಲಿ ದೀಪ ಕೆಂಪಾಗುತ್ತದೆ, ಹಾರ್ನ್ ಶುರುವಾಗುತ್ತದೆ. ಅಜ್ಜಿ ತಲೆ ಎತ್ತುವುದಿಲ್ಲ. ವಾಕರ್ ಕಾಲಿನ ರಬ್ಬರ್ ಬುಡವನ್ನೇ ನೋಡುತ್ತಾ ಉಳಿದ ನಾಲ್ಕು ಮೀಟರ್ ದಾಟುತ್ತಾರೆ. ಈ ಕಡೆ ಬಂದ ಮೇಲೆ ಕಂಬ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಈಚೆಗೆ ಅವರು ಆ ರಸ್ತೆ ದಾಟುವುದನ್ನೇ ಬಿಟ್ಟಿದ್ದಾರೆ. ಆಚೆ ಕಡೆ ಅವರ ತಂಗಿಯ ಮನೆ ಇದೆ.

ಆ ದೀಪದಲ್ಲಿ ನಡೆಯುವ ಮನುಷ್ಯನ ಹಸಿರು ಚಿತ್ರ ಇರುತ್ತದಲ್ಲ, ನೋಡಿದ್ದೀರಲ್ವಾ? ಚುರುಕಾಗಿ ಹೆಜ್ಜೆ ಹಾಕುವವನು. ಯಾರದ್ದೋ ಒಂದು ಅಳತೆ ಹಿಡಿದು ಅವನನ್ನು ಅಲ್ಲಿ ನಿಲ್ಲಿಸಿದ್ದೇವೆ. ಸಿಗ್ನಲ್ ಮಾತ್ರ ಅಲ್ಲ, ಎರಡು ನಿಮಿಷದ ನಿಯಮವೂ ಅಂಥದ್ದೇ ಒಂದು ಅಳತೆ. ಅದನ್ನು ಮಾಡಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ತಮ್ಮ ಕಾಲಿನ ವೇಗ, ತಮ್ಮ ನಾಲಿಗೆಯ ವೇಗವೇ ಎಲ್ಲರದ್ದೂ ಅಂದುಕೊಂಡರು, ಅಷ್ಟೇ. ಆ ಅಳತೆಗೆ ಸಿಗದವರು ‘ಇವರೂ’ ಆಗಿಬಿಡುತ್ತಾರೆ.

ಇಂಥ ಸಭೆಗಳಲ್ಲಿ ‘ನಾವೆಲ್ಲಾ ಒಂದೇ’ ಅನ್ನುವ ಮಾತೂ ಬರುತ್ತದೆ. ಅದು ಸುಳ್ಳಲ್ಲ. ಯಾವ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೂ ಡಿಎನ್‌ಎ ಸುಮಾರು ಶೇ 99.9ರಷ್ಟು ಒಂದೇ. ಆದರೂ ಆ ವಾದ ನನಗೆ ಯಾಕೋ ಪೂರ್ತಿ ಒಗ್ಗುವುದಿಲ್ಲ. ಒಂದೇ ಆಗಿರುವುದಕ್ಕೆ ಮರ್ಯಾದೆ ಅಂತಾದರೆ, ಬೇರೆಯಾಗಿರುವ ಆ ಚೂರಿಗೆ ಮರ್ಯಾದೆ ಇಲ್ಲ ಅಂತಾಯಿತಲ್ಲ? ನನ್ನ ಉಗ್ಗು, ಅಜ್ಜಿಯ ಎಡಗಾಲು, ಒಬ್ಬರ ಬಣ್ಣ, ಒಬ್ಬರ ನಂಬಿಕೆ, ಒಬ್ಬರು ಯಾರನ್ನು ಪ್ರೀತಿಸುತ್ತಾರೆ ಅನ್ನುವುದು, ಇವೆಲ್ಲ ನಮ್ಮ ದಿನನಿತ್ಯದ ಬದುಕು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ಅಲ್ಲಿಯವರೆಗೆ ಆ ಜನರ ಪ್ರೀತಿಗೆ ಒಂದು ರೋಗದ ಹೆಸರು ಇತ್ತು. ಆ ದಿನ ಬದಲಾದದ್ದು ಪಟ್ಟಿ, ಪ್ರೀತಿಸುವವರು ಮೊದಲು ಹೇಗಿದ್ದರೋ ಹಾಗೇ ಇದ್ದರು.

ಮನುಷ್ಯ ಅಂದರೆ ಏನು ಅಂತ ಯೋಚಿಸುವಾಗ ನನಗೆ ನೆನಪಾಗುವುದು ಒಂದು ಎಲುಬಿನ ಗೂಡು. ಇರಾಕಿನ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ಸಿಕ್ಕಿತು. ಹತ್ತಿರ ಹತ್ತಿರ 50,000 ವರ್ಷ ಹಳೆಯದು. ಅವನು ನಮ್ಮ ಪ್ರಭೇದದ ಮನುಷ್ಯನೂ ಅಲ್ಲ, ನಿಯಾಂಡರ್ತಾಲ್ ಅನ್ನುವ, ಈಗ ಅಳಿದುಹೋಗಿರುವ ಬೇರೊಂದು ಮಾನವ ಪ್ರಭೇದದವನು. ಮುಖದ ಎಡಭಾಗಕ್ಕೆ ದೊಡ್ಡ ಪೆಟ್ಟು ಬಿದ್ದು ಆ ಕಣ್ಣು ಹೋಗಿದ್ದಿರಬೇಕು. ಬಲಗೈ ಬತ್ತಿಹೋಗಿತ್ತು, ಮೊಣಕೈಯಿಂದ ಕೆಳಗೆ ಇರಲೇ ಇಲ್ಲ. ಕಿವಿಯ ದಾರಿಯಲ್ಲಿ ಎಲುಬು ಬೆಳೆದಿದ್ದರಿಂದ ಕೇಳಿಸುವುದೂ ಕಷ್ಟ ಇದ್ದಿರಬೇಕು. ಆದರೆ ಗಾಯಗಳೆಲ್ಲ ಮಾಗಿದ್ದವು. ಪೆಟ್ಟು ಬಿದ್ದ ಮೇಲೆ ಅವನು ವರ್ಷಗಟ್ಟಲೆ ಬದುಕಿದ್ದ. ನಲವತ್ತು ದಾಟಿದ್ದ, ಆ ಕಾಲಕ್ಕೆ ಅದು ಮುಪ್ಪು. ಬೇಟೆಯಾಡಿ ಅಲೆಯುತ್ತಾ ಬದುಕುವ ಗುಂಪಿನಲ್ಲಿ ಅಂಥವನೊಬ್ಬ ಅಷ್ಟು ವರ್ಷ ಉಳಿಯಬೇಕಾದರೆ ಯಾರೋ ಅವನ ಹೆಜ್ಜೆಗೆ ತಮ್ಮ ಹೆಜ್ಜೆ ನಿಧಾನ ಮಾಡಿರಬೇಕು. ಅವರ ಭಾಷೆ ಹೇಗಿತ್ತೋ, ಅವರು ಏನು ಹೇಳಿಕೊಂಡರೋ ನಮಗೆ ಸಿಗುವುದಿಲ್ಲ. ಕಾದರು ಅನ್ನುವುದು ಮಾತ್ರ ಆ ಎಲುಬಿನಲ್ಲಿ ಉಳಿದಿದೆ.

ಹಾಗೆ ಯಾರಿಗೂ ಕಾದು ನಿಲ್ಲದೆ ಮಾಡಿದ ತೀರ್ಮಾನ ಎಂಥದ್ದು ಅನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳಿಗೆ ಹೇಗೆ ಪಾಠ ಹೇಳಬೇಕು ಅಂತ ತೀರ್ಮಾನಿಸಲು ಶಿಕ್ಷಕರು ಸೇರಿದರು. ಇದ್ದ 164 ಪ್ರತಿನಿಧಿಗಳಲ್ಲಿ ಕಿವುಡರು ಒಬ್ಬರೇ. ಶಾಲೆಗಳಲ್ಲಿ ಕೈಸನ್ನೆಯ ಭಾಷೆ ಬೇಡ, ಬಾಯಿಮಾತೇ ಆಗಬೇಕು ಅಂತ ನಿರ್ಣಯವಾಯಿತು. ಆಮೇಲೆ ಎಷ್ಟೋ ದೇಶಗಳ ಶಾಲೆಗಳಲ್ಲಿ ಮಕ್ಕಳು ಸನ್ನೆ ಮಾಡಿದರೆ ಕೈ ಕಟ್ಟಿ ಕೂರಿಸಿದರು, ಕೈ ಮೇಲೆ ಹೊಡೆದರು. ಮಕ್ಕಳಿಂದ ಅವರ ಮಾತನ್ನೇ ಕಿತ್ತುಕೊಂಡ ಹಾಗೆ. ಆ ನಿರ್ಣಯ ತಪ್ಪು ಅಂತ ಕಿವುಡರ ಶಿಕ್ಷಣದ ಅದೇ ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿಕೊಂಡು ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. 130 ವರ್ಷ ಬೇಕಾಯಿತು. ಮಿಲಾನ್‌ನಲ್ಲಿ ಸೇರಿದವರೂ ಮಕ್ಕಳ ಒಳ್ಳೆಯದಕ್ಕೇ ಅಂತ ನಂಬಿದ್ದರು. ಅದಕ್ಕೇ ನನಗೆ ಭಯ. ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ’ ಅಂತ ಅಂಗವಿಕಲರ ಚಳವಳಿ ಜಗತ್ತಿನಾದ್ಯಂತ ಕೂಗುವುದು ಸುಮ್ನೆ ಅಲ್ಲ.

ನಿಮ್ಮಿಂದ ಬೇಕಾಗಿರುವುದು ದೊಡ್ಡದೇನಲ್ಲ. ಎರಡು ನಿಮಿಷದ ನಿಯಮ ಇರಲಿ. ಅದು ಸಾಲದವರಿಗೆ ಅಂತ ಸಭೆಯ ಶುರುವಿನಲ್ಲೇ ಒಂದು ಮಾತು ಹೇಳಿ: ಜಾಸ್ತಿ ಹೊತ್ತು ಬೇಕಾದವರು ತೆಗೆದುಕೊಳ್ಳಿ, ಯಾರೂ ಅವರ ವಾಕ್ಯ ಮುಗಿಸಬೇಡಿ ಅಂತ. ನೀವು ಹೇಳಿದರೆ ಸಭೆ ಕೇಳುತ್ತದೆ. ಕೈಸನ್ನೆಯಲ್ಲಿ ಮಾತನಾಡುವವರಿಗೆ ಅದನ್ನು ಬಲ್ಲ ಒಬ್ಬರು ವೇದಿಕೆಯ ಹತ್ತಿರ ಇರಲಿ. ‘ಬರೆದು ಕೊಡಿ’ ಅನ್ನುವುದು ಬೇಕಾದವರಿಗೆ ಒಂದು ದಾರಿಯಾಗಿ ಇರಲಿ, ಮೈಕ್ ತೆಗೆದುಕೊಳ್ಳುವುದಕ್ಕೆ ನೆಪ ಆಗದಿರಲಿ. ಇದು ದಯೆ ಕೇಳುವುದಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆ ಇದೆ. ಒಬ್ಬರಿಗೆ ಬೇಕಾದ ಹದವಾದ ಅನುಕೂಲ ಮಾಡಿಕೊಡದೆ ಹೋಗುವುದೂ ತಾರತಮ್ಯವೇ ಅಂತ ಅದರ ಎರಡನೆಯ ವಿಧಿ ಹೇಳುತ್ತದೆ.

ಮತ್ತೆ ಆ ‘ಊ’. ಮುಂದಿನ ಭಾಷಣದಲ್ಲಿ ಅದನ್ನು ಬಿಟ್ಟು ನೋಡಿ. ಅಂಗವಿಕಲ ಅನ್ನುವ ಪದ ವಿಕಲಚೇತನ ಆಯಿತು, ವಿಶೇಷಚೇತನ ಆಯಿತು, ಹೆಸರು ಎಷ್ಟು ಸಲ ಬದಲಾದರೂ ಆ ‘ಊ’ ಅಲ್ಲೇ ಉಳಿದುಕೊಂಡಿದೆ. ಗಾಲಿಕುರ್ಚಿಯ ಆ ಹುಡುಗ ನಿಮ್ಮ ಮುಖವನ್ನೇ ನೋಡುತ್ತಿದ್ದ. ಅವನನ್ನು ಅವನ ಹೆಸರು ಹಿಡಿದು ಕರೆದು, ನಿನಗೆ ಏನು ಬೇಕು ಅಂತ ಅವನನ್ನೇ ಕೇಳಬಹುದಿತ್ತು. ಅವತ್ತು ಅವನ ಪರವಾಗಿ ಎಲ್ಲರೂ ಮಾತನಾಡಿದರು, ಅವನೊಬ್ಬನನ್ನು ಬಿಟ್ಟು.

ಮುಂದಿನ ಅಹವಾಲು ಸಭೆಗೆ ನಾನು ಬರುತ್ತೇನೆ. ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ, ಅವರು ಒಪ್ಪಿದ್ದಾರೆ. ಹೆಸರು ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅದು ‘ಪ’ದಿಂದಲೇ ಶುರುವಾಗುತ್ತದೆ. ಆಮೇಲೆ ಕೇಳುವುದು ಒಂದೇ, ಆ ಸಿಗ್ನಲ್‌ಗೆ ಇನ್ನೂ ಐದು ಸೆಕೆಂಡ್.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ