ಲೇಬಲ್ ಇಲ್ಲದ ಬಾಟಲಿಗಳು

ಮಾನ್ಯ ಸಂಪಾದಕರೇ,

ನಾನು ಹೊರದೇಶದಲ್ಲಿ ಆಫೀಸುಗಳ ಕ್ಲೀನಿಂಗ್ ಕೆಲಸ ಮಾಡುವವಳು. ಇಂಥ ಕೆಲಸಕ್ಕೆ ಹೊರಟು ನಿಂತವರ ಮನೆಗಳಿಗೂ ನಿಮ್ಮ ಪತ್ರಿಕೆ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕೈಗೆ ಬರುವ ಬಾಟಲಿಗಳ ಮೇಲೆ ಎಷ್ಟೋ ಸಲ ಲೇಬಲ್ಲೇ ಇರುವುದಿಲ್ಲ. ದೊಡ್ಡ ಕ್ಯಾನಿನಿಂದ ಸ್ಪ್ರೇ ಬಾಟಲಿಗೆ ಸುರಿದು ಕೊಡುತ್ತಾರೆ. ‘ನೀಲಿ ಗಾಜಿಗೆ, ಕೆಂಪು ಟಾಯ್ಲೆಟ್ಟಿಗೆ’ ಅಂದರೆ ತರಬೇತಿ ಮುಗಿಯಿತು. ಲೇಬಲ್ ಇದ್ದರೂ ನಮಗೆ ಓದಲು ಬಾರದ ಭಾಷೆ. ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ಕಮೋಡಿಗೆ ಆಸಿಡ್ ಹಾಕಿದಳು. ಕಲೆ ಹೋಗಲಿಲ್ಲ ಅಂತ ಅದರ ಮೇಲೇ ಬ್ಲೀಚ್ ಸುರಿದಳು. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಕಿಟಕಿಯೂ ಇಲ್ಲದ ಜಾಗ. ಕೆಮ್ಮುತ್ತಾ, ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಸೂಪರ್‌ವೈಸರ್ ಕೇಳಿದ್ದು, ‘ಈ ಮಹಡಿ ಮುಗೀತಾ?’ ಅಂತ. ಅವಳು ದೂರು ಕೊಡಲಿಲ್ಲ. ಕೊಡುವುದಾದರೂ ಹೇಗೆ? ವೀಸಾ, ಮಲಗುವ ರೂಮು ಎರಡೂ ಅದೇ ಕಂಟ್ರಾಕ್ಟರ್ ಕೈಯಲ್ಲಿ.

ಇದು ಕಣ್ಣಿಗೆ ಕಂಡ ಅಪಾಯ. ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗುವುದು ಕಾಣುವುದೇ ಇಲ್ಲ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು 6,000ಕ್ಕೂ ಜಾಸ್ತಿ ಜನರನ್ನು ಸುಮಾರು 20 ವರ್ಷ ಗಮನಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಕ್ಲೀನಿಂಗ್ ಮಾಡುವ ಹೆಂಗಸರ ಶ್ವಾಸಕೋಶದ ಶಕ್ತಿ ಉಳಿದ ಹೆಂಗಸರಿಗಿಂತ ಬೇಗ ಕುಗ್ಗಿತ್ತು. ಸ್ಪ್ರೇಯನ್ನು ಗಾಳಿಗೆ ಹೊಡೆಯದೆ ಬಟ್ಟೆಗೆ ಹಾಕಿ ಒರೆಸಿದರೆ ಎಷ್ಟೋ ವಾಸಿ. ಆದರೆ ಬೆಳಿಗ್ಗೆ ಘಮ ಬರದಿದ್ದರೆ ಕ್ಲೀನೇ ಮಾಡಿಲ್ಲ ಅಂತ ಆಫೀಸಿನವರ ಕಂಪ್ಲೇಂಟ್! ಘಮಕ್ಕೂ ಸ್ವಚ್ಛತೆಗೂ ಏನು ಸಂಬಂಧವೋ, ನನಗಂತೂ ಅರ್ಥವಾಗಿಲ್ಲ.

ಗ್ಲೌಸ್ ಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ಎಲ್ಲರಿಗೂ ಒಂದೇ ಸೈಜು. ನನ್ನ ಕೈಗೆ ಸಡಿಲ, ಒಳಗೆ ನೀರು ಇಳಿಯುತ್ತದೆ. ಬೆರಳ ಸಂದಿಯೆಲ್ಲ ಬಿರಿದು, ರಾತ್ರಿ ಉರಿಗೆ ನಿದ್ದೆ ಬರುವುದಿಲ್ಲ.

ಸುರಕ್ಷಿತವಾದ ಕೆಲಸದ ಜಾಗ ಕೆಲಸಗಾರರ ಮೂಲಭೂತ ಹಕ್ಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2022ರಲ್ಲೇ ಒಪ್ಪಿದೆ. ಏಜೆಂಟರು ಮಾತ್ರ ಸಂಬಳ, ಟಿಕೆಟ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಹೊರಟವರು ನೀವೇ ಕೇಳಿ. ತರಬೇತಿ ನಮಗೆ ತಿಳಿಯುವ ಭಾಷೆಯಲ್ಲಿ ಇರುತ್ತದಾ? ಉಸಿರಾಟದ ತೊಂದರೆಯಾದರೆ ಡಾಕ್ಟರ ಖರ್ಚು ಯಾರದು? ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತದೆ? ಬರಿ ಬಾಯಿಮಾತು ಸಾಲದು, ಕರಾರಿನಲ್ಲಿ ಬರೆಸಿಕೊಂಡೇ ಸಹಿ ಹಾಕಿ. ಇಲ್ಲಿಗೆ ಬಂದಿಳಿದ ಮೇಲೆ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ.

ಇತಿ,
ನಿಮ್ಮ ಓದುಗರಲ್ಲೊಬ್ಬಳು
(ದಯವಿಟ್ಟು ಹೆಸರು ಹಾಕಬೇಡಿ)